ಆಗ್ನೇಯ ಮೂಲೆಯ ಎಂಜಿನ್ನು

ನಾನು ಲಂಗ ಹಾಕಿಕೊಂಡು ಕುಂಟೆಬಿಲ್ಲೆ ಆಡುತ್ತಿದ್ದ ಕಾಲಕ್ಕೆ ಗುಂಡ್ಲುಪೇಟೆಯಲ್ಲಿ ಕರೆಂಟು ಇತ್ತು ಅನ್ನುವುದಕ್ಕಿಂತ ಬಂದು ಹೋಗುತ್ತಿತ್ತು ಅನ್ನುವುದೇ ಸರಿ. ನೆಂಟರ ಹಾಗೆ ಬರುತ್ತಿತ್ತು, ಮೋಡ ಕಂಡರೆ ಹೊರಡುತ್ತಿತ್ತು. ಮುಂಗಾರಿಗೆ ಮೊದಲಿನ ಬಿರುಗಾಳಿ ಮಳೆ ಶುರುವಾದರಂತೂ ಕೇಳಲೇಬೇಡಿ. ಸಂಜೆ ಮೂಡಲ ದಿಕ್ಕು ಕಪ್ಪಗಾಗುವುದು, ಧೂಳು ಏಳುವುದು, ಎಲ್ಲೋ ಹುಣಸೆ ಕೊಂಬೆ ತಂತಿಯ ಮೇಲೆ ಬೀಳುವುದು, ಇಡೀ ಊರು ‘ಹೋಯ್ತೂ!’ ಎಂದು ಒಂದೇ ಬಾಯಲ್ಲಿ ಕೂಗುವುದು. ಮಕ್ಕಳಾದ ನಮಗೆ ಹಬ್ಬ. ಆಲಿಕಲ್ಲು ಆರಿಸಿ ಬಾಯಿಗೆ ಹಾಕಿಕೊಂಡು, ಹಲ್ಲು ಜುಮ್ಮೆಂದರೂ ಉಗುಳದೆ ಕುಣಿಯುತ್ತಿದ್ದೆವು.

ನಮ್ಮ ಮನೆಯಲ್ಲಿ ಮಾತ್ರ ಆ ಹಬ್ಬಕ್ಕೆ ಒಂದು ಸಂಕಟ ಅಂಟಿಕೊಂಡಿತ್ತು. ಕರೆಂಟು ಹೋದ ದಿನ ನಮ್ಮಜ್ಜಿ ಉಣ್ಣುತ್ತಿರಲಿಲ್ಲ.

ಅಜ್ಜಿ ಅಂದರೆ ಅಪ್ಪನ ತಾಯಿ. ಬೆಳಿಗ್ಗೆ ಒಮ್ಮೆ, ದೀಪ ಹಚ್ಚಿದ ಮೇಲೆ ಒಮ್ಮೆ, ಎಡಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಪೂಜೆ ಮಾಡಿಯೇ ಬಾಯಿಗೆ ತುತ್ತು. ಒಂದು ಕಣ್ಣು ಪೊರೆ ಬಂದು ಪೂರಾ ಹೋಗಿತ್ತು. ಇನ್ನೊಂದಕ್ಕೆ ಮೈಸೂರಿನಲ್ಲಿ ಆಪರೇಶನ್ ಮಾಡಿಸಿ ಸೋಡಾಬುಡ್ಡಿ ಕನ್ನಡಕ ಹಾಕಿದ್ದರು. ಎಣ್ಣೆ ದೀಪದ ಬೆಳಕಿನಲ್ಲಿ ಆ ಕಣ್ಣಿಗೆ ತನ್ನ ಅಂಗೈಯೇ ಕಾಣುತ್ತಿರಲಿಲ್ಲ. ಮನೆಗೆ ಕರೆಂಟು ಬಂದ ಮೊದಲ ಸಂಜೆ ಬಲ್ಬಿನ ಕೆಳಗೆ ಕೂತು ಅಂಗೈಯ ಲಿಂಗ ನೋಡಿದವಳು, ‘ಕಾಣ್ತಾ ಅವ್ನೆ ಕಣ್ಲಾ ಮಾದೇವ, ನನ್ನಪ್ಪ ಕಾಣ್ತಾ ಅವ್ನೆ!’ ಎಂದು ಅತ್ತುಬಿಟ್ಟಿದ್ದಳು. ಮಾದೇವ ಅಂದರೆ ನಮ್ಮಪ್ಪ, ಪೇಟೆಯಲ್ಲಿ ಕಡಲೆಕಾಯಿ ಮಂಡಿ ಇಟ್ಟಿದ್ದವರು.

ಒಮ್ಮೆ ಕಂಡ ಮೇಲೆ ಕಾಣದೆ ಪೂಜೆ ಮಾಡುವುದು ಅಜ್ಜಿಗೆ ಆಗಲೇ ಇಲ್ಲ. ‘ಮಕ ನೋಡ್ದೆ ಮಾತಾಡ್ಸಿ ಉಂಡ್ಕಂಡು ಮನೀಕಳ್ಳೋದಾ? ನಂಗಾಗಕಿಲ್ಲ ಬುಡು’ ಅನ್ನುವಳು. ಗ್ಯಾಸ್ ಲೈಟು ತಂದರು. ಅದು ಗಾಳಿಗೆ ಒಮ್ಮೆ ಭಗ್ ಎಂದು ಎದ್ದು ಅಜ್ಜಿಯ ಸೆರಗಿನ ಅಂಚು ಸುಟ್ಟ ಮೇಲೆ ಅವ್ವ ಅದನ್ನು ಅಟ್ಟಕ್ಕೆ ಹಾಕಿದಳು. ಅಜ್ಜಿ ಉಣ್ಣದಿದ್ದರೆ ಅಪ್ಪ ಉಣ್ಣರು, ಅಪ್ಪ ಉಣ್ಣದಿದ್ದರೆ ಅವ್ವ ಉಣ್ಣಳು. ನನಗೊಬ್ಬಳಿಗೆ ಬಡಿಸುತ್ತಿದ್ದರು. ನಾನು ಮುದ್ದೆಯನ್ನು ತಟ್ಟೆಯಲ್ಲೇ ಉರುಳಿಸುತ್ತಾ ಕೂರುತ್ತಿದ್ದೆ. ‘ಅಜ್ಜಿ ಉಂಡ್ರಾ?’ ಎಂದು ಅಕ್ಕಪಕ್ಕದವರು ಬೇಲಿಯಾಚೆಯಿಂದ ಕೇಳುವುದು ಆ ದಿನಗಳಲ್ಲಿ ವಾಡಿಕೆಯೇ ಆಗಿಹೋಯಿತು.

ಕಡೆಗೆ ಅಪ್ಪ, ಮನೆಯಲ್ಲೇ ಕರೆಂಟು ಮಾಡುವ ಎಂಜಿನ್ನು ತರುತ್ತೇನೆ ಅಂದರು. ನನ್ನ ತಲೆಯಲ್ಲಿ ಪ್ರಶ್ನೆಗಳ ಹುತ್ತ ಒಡೆಯಿತು. ಕರೆಂಟು ಮಾಡುವುದು ಅಂದರೆ ಏನು? ಏನು ಹಾಕಿ ಮಾಡುತ್ತಾರೆ? ಮಿಕ್ಕಿದ್ದನ್ನು ಎಲ್ಲಿಡುತ್ತಾರೆ? ‘ಈ ಹುಡ್ಗೀನ ಎಂಜಿನ್‌ಗೇ ಕಟ್ಬುಡಿ, ಎಣ್ಣೇನೇ ಬ್ಯಾಡ, ಬಾಯಲ್ಲೇ ಓಡಿಸ್ತಾಳೆ’ ಎಂದಳು ಅವ್ವ.

ಮೊದಲು ಭೀಮನಬೀಡಿಗೆ ಹೋದೆವು. ಅಲ್ಲಿ ನನ್ನ ಸೋದರಮಾವ ಬಾವಿಗೆ ಎಂಜಿನ್ನು ಕೂರಿಸಿದ್ದರು. ಅದು ನೀರೆತ್ತುವುದನ್ನು ಅಜ್ಜಿ ಗಾಡಿಯಿಂದ ಇಳಿಯದೆ ಕಿವಿಗೊಟ್ಟು ಕೇಳಿದಳು. ಆಮೇಲೆ ಚಾಮರಾಜನಗರದ ಅಂಗಡಿಗೆ. ಅಲ್ಲಿ ಎರಡಿದ್ದವು. ಒಂದು ಚಿಕ್ಕದು, ಪೆಟ್ರೋಲಿನದು, ಹೊಸ ಬಣ್ಣದ್ದು. ಇನ್ನೊಂದು ದಪ್ಪ ಚಕ್ರದ ಸೀಮೆಎಣ್ಣೆಯದು. ಅಂಗಡಿಯವರು ಎರಡನ್ನೂ ಓಡಿಸಿ ತೋರಿಸಿದರು. ಅಪ್ಪನ ಕಣ್ಣು ಚಿಕ್ಕದರ ಮೇಲಿತ್ತು.

‘ಅದು ಬೈಕಂಡು ಕೆಲ್ಸ ಮಾಡ್ತದೆ ಕಣ್ಲಾ’ ಎಂದಳು ಅಜ್ಜಿ. ‘ಇದು ನೋಡು, ಒಂದೊಂದ್ ಉಸ್ರು ಬುಟ್ಕಂಡು ಮಾಡ್ತದೆ. ಇದೇ ಇರ್ಲಿ.’

ಕಾಣದ ಕಣ್ಣಿನವಳು ಕಿವಿಯಲ್ಲೇ ಎಂಜಿನ್ನು ಆರಿಸಿದಳು. ಅಂಗಡಿಯವರು ನಕ್ಕರು. ಅಪ್ಪ ತಾಯಿಯ ಮಾತು ಮೀರಿದ್ದನ್ನು ನಾನು ಕಂಡದ್ದಿಲ್ಲ, ಅವತ್ತೂ ಕಾಣಲಿಲ್ಲ.

ಎಂಜಿನ್ನು ಲಾರಿಯಲ್ಲಿ ಬಂತು. ಜೊತೆಗೆ ಸತ್ಯಮಂಗಲದ ಕಡೆಯ ತಮಿಳು ಮೇಸ್ತ್ರಿ ಬಂದ. ಎಲ್ಲಿ ಕೂರಿಸುವುದು ಎಂಬ ಪ್ರಶ್ನೆ ಎದ್ದದ್ದೇ ತಡ, ಅಜ್ಜಿ ತೀರ್ಪು ಕೊಟ್ಟಳು. ‘ಬೆಂಕಿ ಕುಡ್ಯೋ ವಸ್ತು. ಆಗ್ನೇಯ ಮೂಲೇಲೇ ಇರ್ಬೇಕು. ಬ್ಯಾರೆ ಕಡೆ ಇಟ್ರೆ ಮನೇಗಾಗಲ್ಲ.’

ಮೇಸ್ತ್ರಿ ಬೀಡಿ ಕಿವಿಗೆ ಸಿಕ್ಕಿಸಿಕೊಂಡು ತಲೆಯಾಡಿಸಿದ. ‘ಅಮ್ಮಾ ಸೊನ್ನಾ ಸರಿ. ಎಲ್ಲಿ ಅಂದ್ರೆ ಅಲ್ಲಿ ಇಡೋದು.’

ಆಗ್ನೇಯ ಮೂಲೆಯಲ್ಲಿ ನಮ್ಮ ಅಡುಗೆಮನೆ. ಅದರ ಹೊರಗೋಡೆಗೆ ಒಂದು ಮಾಡು ಇಳಿಸಿ, ಕಲ್ಲು ಗಾರೆ ಹಾಕಿ, ಎಂಜಿನ್ನನ್ನು ಬೋಲ್ಟಿನಲ್ಲಿ ಬಿಗಿದರು. ಪಕ್ಕದಲ್ಲಿ ಡೈನಮೋ, ನಡುವೆ ಪಟ್ಟಿ. ಗೋಡೆಯ ಹಲಗೆಗೆ ಒಂದು ಹಿಡಿ. ಮೇಲಕ್ಕೆ ಎತ್ತಿದರೆ ಊರಿನ ಕರೆಂಟು, ಕೆಳಕ್ಕೆ ಎಳೆದರೆ ನಮ್ಮದು.

‘ಎರಡೂ ಒಟ್ಟಿಗೇ ಬಂದ್ರೆ?’ ಎಂದೆ.

‘ವರಾದು ಪಾಪ್ಪಾ, ಬರಲ್ಲ’ ಎಂದ ಮೇಸ್ತ್ರಿ. ‘ಅದಕ್ಕೇ ಈ ಹಿಡಿ. ಒಂದು ಒಳಗೆ ಬಂದ್ರೆ ಇನ್ನೊಂದು ಹೊರಗೆ.’

ನಾನು ಆ ಹಿಡಿಯ ಮುಂದೆ ಕೂತು, ಊರಿನ ಕರೆಂಟು ಜಗಲಿಯಲ್ಲಿ ಬೇಸರ ಮಾಡಿಕೊಂಡು ಕಾಯುವುದನ್ನು ಯೋಚಿಸಿದೆ. ಅವ್ವ ಎಂಜಿನ್ನಿಗೆ ವಿಭೂತಿ ಬಳಿದು ಹೂ ಮುಡಿಸಿದಳು. ಸೀಮೆಎಣ್ಣೆ, ಗಾರೆ, ಸೇವಂತಿಗೆ ಮೂರೂ ಬೆರೆತ ಆ ವಾಸನೆ ಈಗಲೂ ಎಲ್ಲಿಯಾದರೂ ಮೂಗಿಗೆ ಬಡಿದರೆ ನಾನು ನಿಂತುಬಿಡುತ್ತೇನೆ.

ಆಮೇಲೆ ನಾವು ಮಳೆಗೆ ಕಾದೆವು. ಎಂಥ ವಿಚಿತ್ರ ನೋಡಿ, ಇಷ್ಟು ದಿನ ಬೇಡ ಅನ್ನುತ್ತಿದ್ದ ಬಿರುಗಾಳಿಯನ್ನು ಇಡೀ ಮನೆ ದಾರಿ ಕಾಯುತ್ತಿತ್ತು. ಅದು ಬಂದದ್ದು ಒಂದು ಸೋಮವಾರ, ಬಸ್ಸಾರಿನ ಒಗ್ಗರಣೆ ಬೀಳುವ ಹೊತ್ತಿಗೆ. ಮೂಡಲ ಗಾಳಿ ಹೆಂಚುಗಳನ್ನು ಕಲಕಿತು. ‘ಹೋಯ್ತೂ!’ ಎಂದು ಊರು ಕೂಗಿತು. ಅಪ್ಪ ಓಡಿದರು. ಮೊದಲು ಒಂದಿಷ್ಟು ಪೆಟ್ರೋಲು ಕುಡಿಸಿ, ಹ್ಯಾಂಡ್ಲು ತಿರುಗಿಸಿ, ಆಮೇಲೆ ಸೀಮೆಎಣ್ಣೆಗೆ ಬಿಟ್ಟರು. ಡುಗ್, ಡುಗ್, ಡುಗ್. ಹಿಡಿ ಎಳೆಯುವ ಭಾಗ್ಯ ನನ್ನದು. ಎಳೆದೆ. ಪೂಜೆಕೋಣೆಯ ಬಲ್ಬು ಕೆಂಪಗೆ ತಡವರಿಸಿ, ಬೆಳ್ಳಗೆ ನಿಂತಿತು. ಇಡೀ ಬೀದಿ ಕತ್ತಲು, ನಮ್ಮನೆ ಬೆಳಕು! ಹೆಮ್ಮೆಗೆ ನನ್ನ ಕಾಲು ನೆಲದ ಮೇಲೆ ಇರಲಿಲ್ಲ.

ಅಜ್ಜಿ ಮಡಿ ಉಟ್ಟು ಕೂತಳು. ಲಿಂಗದ ಕರಡಿಗೆ ಬಿಚ್ಚಿದಳು. ಅಷ್ಟರಲ್ಲಿ ಅಡುಗೆಮನೆಯಿಂದ ಕೆಮ್ಮು ಕೇಳಿತು. ನಿಲ್ಲದ ಕೆಮ್ಮು. ಗಾಳಿ ಮೂಡಲಿಂದ ಬೀಸುತ್ತಿದ್ದದ್ದರಿಂದ ಎಂಜಿನ್ನಿನ ಹೊಗೆ ಪೂರಾ ಗವಾಕ್ಷಿಯಿಂದ ಒಳಕ್ಕೆ ನುಗ್ಗಿತ್ತು. ನಾನು ಓಡಿ ನೋಡಿದರೆ ಅವ್ವ ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಸುರಿಸುತ್ತಾ, ಮುದ್ದೆ ತೊಳಸುತ್ತಿದ್ದಾಳೆ.

‘ಯಾರ್ಲಾ ಅದು ಕೆಮ್ತಿರೋದು?’ ಅಜ್ಜಿಯ ದನಿ.

‘ಏನಿಲ್ಲ ಅತ್ತೆ, ನೀವು ಪೂಜೆ ಮಾಡ್ಕಳಿ’ ಎಂದು ಅವ್ವ ಒಳಗಿಂದಲೇ ಹೇಳಲು ಹೋಗಿ ಮತ್ತೆ ಕೆಮ್ಮಿದಳು.

ಅಜ್ಜಿ ಎದ್ದು ಗೋಡೆ ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಬಂದಳು. ಒಂದು ಉಸಿರು ಎಳೆದುಕೊಂಡವಳಿಗೆ ಎಲ್ಲವೂ ಗೊತ್ತಾಯಿತು.

‘ಮಾದೇವಾ, ನಿಲ್ಸಲಾ ಅದ್ನ! ನನ್ನ ಕಣ್ಗೆ ಬೆಳ್ಕು ಬೇಕು ಅಂತ ನನ್ನ ಸೊಸೆ ಕಣ್ಗೆ ಹೊಗೆ ತುಂಬ್ತೀಯಾ?’

‘ಅವ್ವಾ, ಇವತ್ತೊಂದಿನ ಪೂಜೆ ಮುಗಿಸ್ಬುಡು, ಆಮೇಲೆ...’

‘ನಿಲ್ಸು ಅಂದೆ.’

ಎಂಜಿನ್ನು ಬಿಕ್ಕುತ್ತಾ ನಿಂತಿತು. ನಮ್ಮನೆಯೂ ಬೀದಿಯೂ ಒಂದೇ ಕತ್ತಲಾಯಿತು. ಅಪ್ಪ ಹೊರಗೆ ನೆನೆಯುತ್ತಾ ನಿಂತಿದ್ದರು, ಒಳಗೆ ಬರಲಿಲ್ಲ. ಇವತ್ತೂ ಅಜ್ಜಿ ಉಣ್ಣಲ್ಲ ಎಂದು ನನಗೆ ಅಳು ಬಂತು. ಇಷ್ಟೆಲ್ಲ ಮಾಡಿ, ಲಾರಿ ಬಂದು, ಹೂ ಮುಡಿಸಿ, ಕಡೆಗೂ ಉಣ್ಣಲ್ಲ.

ಅಜ್ಜಿ ಗೋಡೆ ತಡವಿಕೊಂಡು ಪೂಜೆಕೋಣೆಗೆ ಹೋಗಿ ಕೂತಳು. ಆಮೇಲೆ, ‘ಗಿರ್ಜಿ, ಎಣ್ಣೆ ದೀಪ ಅಚ್ಚು. ಬಾ ಇಲ್ಲಿ’ ಅಂದಳು.

ಪಕ್ಕದಲ್ಲಿ ಕೂರಿಸಿಕೊಂಡು ಲಿಂಗ ಇಟ್ಟ ಅಂಗೈ ನನ್ನ ಮುಂದಕ್ಕೆ ಹಿಡಿದಳು. ‘ದಿನಾ ಕೇಳ್ತಿದ್ಯಲ್ಲ, ಅದ್ರಾಗೆ ಏನ್ ಕಾಣ್ತದೆ ಅಂತ. ಮುಟ್ಬ್ಯಾಡ. ನೋಡು. ನೋಡಿ ನಂಗೆ ಯೋಳು.’

ನೋಡಿದೆ. ಕಪ್ಪಗೆ, ನೇರಳೆ ಹಣ್ಣಿನಷ್ಟು ನುಣ್ಣಗೆ. ದೀಪ ಅದರೊಳಗೆ ಒಂದು ಚುಕ್ಕಿಯಾಗಿ ಕೂತಿತ್ತು.

‘ಚುಕ್ಕಿ ಅದೆ ಅಜ್ಜಿ. ಬೆಳ್ಕಿನ ಚುಕ್ಕಿ.’

‘ಅಲ್ಲಾಡ್ತದಾ?’

‘ನಾನು ಉಸ್ರು ಬುಟ್ರೆ ದೀಪ ಅಲ್ಲಾಡ್ತದೆ, ಅದೂ ಅಲ್ಲಾಡ್ತದೆ.’

‘ಅಂಗಾರೆ ಉಸ್ರು ಇಡ್ಕಂಡು ನೋಡು ಕಣಮ್ಮಿ.’

ಉಸಿರು ಹಿಡಿದೆ. ಹೊರಗೆ ಮಳೆ ಹೊಯ್ಯುತ್ತಲೇ ಇತ್ತು. ಚುಕ್ಕಿ ನಡುಗಿ, ನಡುಗಿ, ನಿಂತಿತು.

‘ನಿಂತ್ಕತು ಅಜ್ಜಿ!’

‘ನಂಗೂ ನಿಂತ್ಕತು’ ಅಂದಳು. ಅವಳ ಕಣ್ಣು ಕನ್ನಡಕದೊಳಗೆ ಮುಚ್ಚಿತ್ತು.

ಆಮೇಲೆ ಅಜ್ಜಿ ಎದ್ದು, ‘ಬಡಿಸವ್ವ, ಉಣ್ಣನ’ ಎಂದಳು. ಅಪ್ಪ ಒದ್ದೆ ಬಟ್ಟೆಯಲ್ಲೇ ಕೂತರು. ಅವ್ವನ ಕಣ್ಣು ಇನ್ನೂ ಕೆಂಪಗಿತ್ತು, ಆದರೆ ನಗುತ್ತಿದ್ದಳು. ಮುದ್ದೆಗೆ ಸೀಮೆಎಣ್ಣೆ ಹೊಗೆಯ ವಾಸನೆ ಹಿಡಿದಿತ್ತು. ಅಷ್ಟು ರುಚಿಯಾದ ಮುದ್ದೆ ನಾನು ಮತ್ತೆ ತಿಂದಿಲ್ಲ.

ಬೆಳಿಗ್ಗೆ ಅಪ್ಪ, ‘ಆಗ್ನೇಯ ಅಂದೋಳು ನೀನೇ ಕಣವ್ವಾ’ ಎಂದು ಮೆಲ್ಲಗೆ ಗೊಣಗಿದರು.

‘ಊಂ, ನಾನೇ. ಬೆಂಕಿ ಅನ್ಕಂಡಿದ್ದೆ.’

‘ಬೆಂಕಿಗೆ ಆಗ್ನೇಯ ಆದ್ರೆ, ಹೊಗೆಗೆ ಯಾವ ಮೂಲೆ ಅಜ್ಜಿ?’ ಎಂದು ನಾನು ಬಾಯಿ ಹಾಕಿದೆ. ಬೈಸಿಕೊಳ್ಳುತ್ತೇನೆ ಅಂದುಕೊಂಡೆ. ಅಜ್ಜಿ ಕನ್ನಡಕ ಒರೆಸುತ್ತಾ ಯೋಚಿಸಿದಳು.

‘ಹೊಗೆ ಓಗೋದು ಗಾಳಿ ಜೊತೆ. ಗಾಳಿಗೆ ವಾಯವ್ಯ. ಅಲ್ಲಿಗೇ ಹಾಕ್ಬುಡಿ.’

ಗಾರೆ ಒಡೆದು, ವಾಯವ್ಯದ ಕೊಟ್ಟಿಗೆಯಾಚೆ ಎಂಜಿನ್ನು ಕೂರಿಸಿದರು. ಹಸು ಮುನಿಸಿಕೊಂಡು ಹಾಲು ಕಮ್ಮಿ ಮಾಡಿತು, ಆಮೇಲೆ ಅದಕ್ಕೂ ಅಭ್ಯಾಸವಾಯಿತು. ಅಜ್ಜಿ ಬದುಕಿರುವವರೆಗೂ ಬಿರುಗಾಳಿಯ ಸಂಜೆಗಳಲ್ಲಿ ಅದು ಒಂದೊಂದೇ ಉಸಿರು ಬಿಟ್ಟುಕೊಂಡು ಬೆಳಕು ಕೊಟ್ಟಿತು. ಆದರೂ ಪೂಜೆಯ ಹೊತ್ತಿಗೆ ಅಜ್ಜಿ ನನ್ನನ್ನು ಪಕ್ಕಕ್ಕೆ ಕರೆಯುವುದನ್ನು ಬಿಡಲಿಲ್ಲ. ಅವಳು ಹೋದಾಗ ಲಿಂಗವೂ ಅವಳ ಅಂಗೈಯಲ್ಲೇ ಮಣ್ಣಿಗೆ ಹೋಯಿತು.

ಈಗ ಚಾಮರಾಜನಗರದ ನನ್ನ ಮನೆಯಲ್ಲಿ ಮೆಟ್ಟಿಲ ಕೆಳಗೆ ಒಂದು ಬ್ಯಾಟರಿ ಪೆಟ್ಟಿಗೆ ಇದೆ. ಸದ್ದಿಲ್ಲ, ಹೊಗೆಯಿಲ್ಲ, ಮೂಲೆಯ ಚರ್ಚೆಯಿಲ್ಲ. ಮೊನ್ನೆ ಮೂಡಲ ಗಾಳಿ ಎದ್ದು ಮಳೆ ಹೊಯ್ದಾಗ ಊರಿನ ಕರೆಂಟು ಹೋದರೂ ದೀಪ ಕಣ್ಣು ಕೂಡ ಮಿಟುಕಿಸಲಿಲ್ಲ. ಊರಿನಲ್ಲಿ ‘ಹೋಯ್ತೂ’ ಅನ್ನಲು ಒಂದು ಬಾಯಿ ಇಲ್ಲ. ಮಗ ಸೊಸೆ ಒಂದು ಕಡೆ, ಮೊಮ್ಮಗ ತನ್ನ ಕೋಣೆಯಲ್ಲಿ, ತಟ್ಟೆಗಳೂ ಅವರವರ ಹತ್ತಿರ. ಯಾರು ಉಂಡರು, ಯಾರು ಬಿಟ್ಟರು, ಒಂದೂ ನನಗೆ ಗೊತ್ತಾಗಲಿಲ್ಲ.

ಎದ್ದು ಹೋಗಿ ಪೆಟ್ಟಿಗೆಯ ಗುಂಡಿ ಒತ್ತಿಬಿಟ್ಟೆ.

ಮನೆಯೆಲ್ಲ ಕತ್ತಲಾಯಿತು. ಕೋಣೆಯ ಬಾಗಿಲು ತೆರೆದ ಸದ್ದು ಕೇಳಿತು. ‘ಅಜ್ಜೀ, ಎಲ್ಲಿದ್ದೀಯ?’ ಎಂದ ಮೊಮ್ಮಗ.

‘ಇಲ್ಲೇ ಇವ್ನಿ ಕಣ್ಲಾ’ ಎಂದೆ. ‘ಬಾ, ಉಣ್ಣನ.’