ಬದ ಕಾದವನ ಕರಿ ಗೋಲಿಗಳು

ಹೆಣ್ಣು ನೋಡಲು ಹೋದ ಮನೆಯವರು ಹೊರಡುವ ಹೊತ್ತಿಗೆ 'ಫೋನ್ ಮಾಡಿ ತಿಳಿಸ್ತೀವಿ' ಅಂದರೆ ಫೋನ್ ಬರುವುದಿಲ್ಲ. ಮಂಡ್ಯ, ಮದ್ದೂರು ಎರಡೂ ಕಡೆ ಹಲವು ಮನೆಗಳ ಉಪ್ಪಿಟ್ಟು ತಿಂದು ಈ ಮಾತು ಕೇಳಿಸಿಕೊಂಡಿದ್ದರಿಂದ ಖಚಿತವಾಗಿ ಹೇಳಬಲ್ಲೆ. ಬೇಸಾಯದ ಗಂಡು ಎಂದ ಕೂಡಲೇ ಹೆಣ್ಣಿನವರ ದನಿ ಮೆತ್ತಗಾಗುತ್ತಿತ್ತು. ನನ್ನ ತಲೆಗೂದಲು ತೆಳ್ಳಗಾಗುತ್ತಿದ್ದದ್ದೂ ನೆರವಿಗೆ ಬರಲಿಲ್ಲ.

ಮಳವಳ್ಳಿಯ ಮನೆಗೆ ಹೋದ ದಿನ ಜೊತೆಗಿದ್ದವರು ಅಕ್ಕನ ಗಂಡ, ನಮ್ಮ ಭಾವ. ಬಸ್ಸಿನಲ್ಲೇ ಎಚ್ಚರಿಸಿದ್ದರು: "ಬಾಯಿ ಜಾಸ್ತಿ ಬುಡಬ್ಯಾಡ ಕಣ್ಲಾ. ಏನ್ ಕೇಳುದ್ರೂ ಊಂ ಅನ್ನು, ಸಾಕು."

ಆ ಮನೆಯಲ್ಲಿ ಇದ್ದದ್ದು ಇಬ್ಬರೇ. ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದ ಹುಡುಗಿ, ಆಕೆಯನ್ನು ಸಾಕಿದ ಅಜ್ಜಿ. ತಿಂಡಿ ಮುಗಿದ ಮೇಲೆ ಅಜ್ಜಿ, "ಅವೆರಡೂ ಮಾತಾಡ್ಕಳ್ಳಿ, ಬನ್ನಿ" ಎಂದು ಭಾವನನ್ನು ಕರೆದುಕೊಂಡು ಜಗುಲಿಗೆ ಹೋದರು. ಬಾಗಿಲು ತೆರೆದೇ ಇತ್ತು. ನಾನು ಫ್ಯಾನು ನೋಡಿದೆ. ಆಕೆ ನನ್ನನ್ನು ನೋಡಿದರು. ಫ್ಯಾನು ತಿರುಗುತ್ತಿರಲಿಲ್ಲ ಎಂಬುದು ನನಗೆ ಆಮೇಲೆ ಹೊಳೆಯಿತು.

ಕೊನೆಗೆ ಆಕೆ ಎದ್ದು ಒಳಗಿನಿಂದ ಆರು ಮೂಲೆಯ ಒಂದು ಹಲಗೆ ತಂದಿಟ್ಟರು. ಅದರ ಗುಳಿಗಳಲ್ಲಿ ಒಂದು ಕಡೆ ಬಿಳಿ ಗೋಲಿ, ಎದುರು ಕಡೆ ಕರಿ ಗೋಲಿ. ಮಕ್ಕಳಿಗೆ ಆಡಿಸಲೆಂದು ತರಿಸಿದ್ದಂತೆ. ಒಂದೋ, ಎರಡೋ, ಮೂರೋ ಗೋಲಿಗಳನ್ನು ಒಂದೇ ಸಾಲಿನಲ್ಲಿ ಒಂದು ಗುಳಿಯಷ್ಟು ಮುಂದಕ್ಕೆ ತಳ್ಳಬಹುದು. ಎದುರಿಗಿರುವ ಗೋಲಿಗಳು ಕಡಿಮೆಯಿದ್ದರೆ ಅವು ಹಿಂದಕ್ಕೆ ಸರಿಯುತ್ತವೆ, ಸಮ ಇದ್ದರೆ ಜಗ್ಗುವುದಿಲ್ಲ. ಅಂಚು ದಾಟಿದ ಗೋಲಿ ಹೊರಗೆ. ಆರು ಗೋಲಿ ಕಳೆದುಕೊಂಡವರು ಸೋತಂತೆ.

ನನಗೆ ಕರಿ ಬಂತು. ನಮ್ಮಲ್ಲಿ ಬೆಳಗ್ಗೆ ಗದ್ದೆಗೆ ಹೋದವನು ಮೊದಲು ನೋಡುವುದು ಪೈರನ್ನಲ್ಲ, ಅಂಚಿನ ಮಣ್ಣಿನ ಬದವನ್ನು. ಪಕ್ಕದ ಗದ್ದೆಯವನ ಗುದ್ದಲಿ ವರ್ಷವರ್ಷವೂ ಬದವನ್ನು ಒಂದು ಬೆರಳಿನಷ್ಟು ಕೆರೆದುಕೊಳ್ಳುತ್ತದೆ. ನಮ್ಮ ಗುದ್ದಲಿಯೂ ಅಷ್ಟೇನೂ ಸಾಧುವಲ್ಲ. ಬದ ಭದ್ರವಾಗಿದ್ದರೆ ಒಳಗಿನದು ಎಲ್ಲಿಗೆ ಹೋದೀತು? ಹೀಗೆಂದುಕೊಂಡು ನನ್ನ ಗೋಲಿಗಳನ್ನು ಅಂಚಿನುದ್ದಕ್ಕೂ ಕಾವಲಿಗೆ ನಿಲ್ಲಿಸುತ್ತ ಹೋದೆ. ಆಕೆ ತಮ್ಮವನ್ನೆಲ್ಲ ನಡುವೆ ಗುಂಪು ಮಾಡಿಕೊಂಡರು. ಪಾಪ, ಆಟ ಬಾರದು ಎಂದು ನಾನು ಮರುಗಿದ್ದೂ ನಿಜ.

ಮೊದಲ ಕರಿ ಗೋಲಿ ಟಕ್ಕೆಂದು ಹೊರಗೆ ಬಿತ್ತು. ನಾನು ಆ ಜಾಗಕ್ಕೆ ಇನ್ನೊಂದನ್ನು ಸರಿಸಿದೆ. ಅದೂ ಬಿತ್ತು. ಗೋಲಿಯನ್ನು ಹೊರಗೆ ತಳ್ಳಬೇಕಾದರೆ ಅದು ಅಂಚಿನಲ್ಲಿರಬೇಕು, ಮತ್ತು ನಾನು ಎಲ್ಲವನ್ನೂ ಅಲ್ಲೇ ತಂದಿಟ್ಟಿದ್ದೇನೆ ಎಂಬುದು ನನ್ನ ತಲೆಗೆ ಹೋಗಲಿಲ್ಲ. ಸದ್ದು ಕೇಳಿ ಅಜ್ಜಿ ಮತ್ತು ಭಾವ ಹೊಸ್ತಿಲಿಗೆ ಬಂದು ನಿಂತರು.

"ಏನವ್ವಾ, ಅವ್ರವೆಲ್ಲಾ ಉದುರುಸ್ಬುಟ್ಯಾ?" ಎಂದರು ಅಜ್ಜಿ.

"ನಾನೆಲ್ಲಜ್ಜಿ ಉದುರಿಸ್ದೆ? ಅವ್ರೇ ಸಾಲಾಗಿ ತಂದು ನಿಲ್ಸವ್ರೆ."

ನನ್ನವು ಐದು ಹೋಗಿದ್ದವು. ಆಗ ಆಕೆಯ ಒಂದು ಬಿಳಿ ಗೋಲಿ ಹಲಗೆಯ ಮೂಲೆಯಲ್ಲಿ ಒಂಟಿಯಾಗಿ ನಿಂತಿತ್ತು. ಅದಕ್ಕೆ ತಾಗಿ, ಅಂಚಿನ ಮೇಲೆ, ನನ್ನ ಎರಡು ಗೋಲಿ. ಸುಮ್ಮನೆ ತಳ್ಳಿದ್ದರೆ ಸಾಕಿತ್ತು. ನಾನು ಇನ್ನೊಂದು ಬದಿಯ ಅಂಚಿನಲ್ಲಿ ಬಿದ್ದಿದ್ದ ಸಂದು ಮುಚ್ಚಲು ಬೇರೆ ಗೋಲಿ ಸರಿಸಿದೆ.

ಆಕೆ ಆಟ ನಿಲ್ಲಿಸಿದರು. "ಇದನ್ನ ಯಾಕೆ ತಳ್ಳಲಿಲ್ಲ?"

ನಾನು ಬಾಯಿ ತೆರೆಯುವ ಮೊದಲೇ ಭಾವ ನುಗ್ಗಿದರು. "ಬೇಕಂತ್ಲೇ ಬುಟ್ಟವ್ನೆ ಕಣಮ್ಮ! ನಿಮ್ಮನೇಲಿ ಕೂತ್ಕಂಡು ನಿಮ್ ಗೋಲಿ ತಳ್ಳಾಕಾಯ್ತದಾ? ಮರ್ವಾದಿ!"

"ಹೌದಾ?" ಎಂದು ಆಕೆ ನನ್ನನ್ನೇ ಕೇಳಿದರು. "ಮರ್ಯಾದೆಗೆ ಬಿಟ್ರಾ?"

ಭಾವ ಆಕೆಯ ಬೆನ್ನ ಹಿಂದಿನಿಂದ ಜೋರಾಗಿ ತಲೆಯಾಡಿಸುತ್ತಿದ್ದರು. ಹೂಂ ಅನ್ನುವುದೊಂದೇ ಬಾಕಿ. ನನಗೂ ಅನ್ನಬೇಕೆಂದೇ ಇತ್ತು. ಆದರೆ ಆ ಮೂಲೆಯನ್ನು ಮತ್ತೆ ನೋಡಿದಾಗ, ಅಷ್ಟು ದೊಡ್ಡದಾಗಿ ಕಾಣುತ್ತಿದ್ದದ್ದು ನನಗೆ ಹೇಗೆ ಕಾಣಲಿಲ್ಲ ಎಂಬ ಬೆರಗೇ ಹೆಚ್ಚಾಗಿತ್ತು.

"ಇಲ್ಲ," ಎಂದೆ. "ಕಾಣ್ಲಿಲ್ಲ. ನನ್ನ ಅಂಚು ನೋಡ್ಕೊಂಡಿದ್ದೆ."

ಭಾವ ಹಣೆ ಚಚ್ಚಿಕೊಂಡರು. ಆಕೆ ನನ್ನ ಆರನೆಯ ಗೋಲಿಯನ್ನು ಹೊರಗೆ ತಳ್ಳಿದರು. ಅದು ಉರುಳಿ ನನ್ನ ಕಾಲ ಬಳಿ ಬಂದು ನಿಂತಿತು. ಎತ್ತಿಕೊಡಲು ಬಗ್ಗಿದಾಗ ಮೇಲಿನಿಂದ ಅಜ್ಜಿಯ ದನಿ ಕೇಳಿಸಿತು. ಮೆತ್ತಗಿನ ದನಿ. ನನಗೆ ಚೆನ್ನಾಗಿ ಪರಿಚಯವಿದ್ದ ದನಿ.

"ಆಯ್ತು ಕಣಪ್ಪಾ, ಫೋನ್ ಮಾಡಿ ತಿಳಿಸ್ತೀ..."

"ತಡಿಯಜ್ಜಿ, ಇನ್ನೊಂದಾಟ ಐತೆ," ಎಂದರು ಆಕೆ, ಗೋಲಿಗಳನ್ನು ಮತ್ತೆ ಜೋಡಿಸುತ್ತ. "ಮರ್ಯಾದೆಗೆ ಬಿಟ್ಟೆ ಅಂದಿದ್ರೆ ಹಲಗೆ ಎತ್ತಿಡ್ತಿದ್ದೆ." ಆಮೇಲೆ ನನಗೆ, "ಈ ಸಲನಾದ್ರೂ ಬದ ಬಿಟ್ಟು ಒಳಕ್ಕೆ ಬನ್ನಿ."

ಬಂದೆ. ಅವಸರದಲ್ಲಿ ಒಂದರ ಬದಲು ಎರಡು ಗೋಲಿ ಸರಿಸಿದೆ. ಆ ಆಟವನ್ನೂ ಸೋತೆ. ಭಾವ ಬಸ್ಸಿನಲ್ಲಿ ಬೆಸಗರಹಳ್ಳಿಯಲ್ಲಿ ಇಳಿಯುವವರೆಗೂ ನನ್ನೊಡನೆ ಮಾತಾಡಲಿಲ್ಲ.

ಫೋನ್ ಮಾರನೆಯ ದಿನ ಬಂತು, ನಾನು ಬದದ ಮೇಲೆ ನಿಂತಿದ್ದಾಗ. ಆಕೆಯೇ ಮಾಡಿದ್ದರು. "ನಮ್ಮಜ್ಜಿ ಒಪ್ಪವ್ರೆ. ನಿಮಗೂ ಒಪ್ಪಿಗೆನಾ, ಇಲ್ಲಾ ಅಂಚು ನೋಡ್ತಾ ಕೂತಿದ್ದೀರಾ?" ಹೂಂ ಎನ್ನುವ ಗಾಬರಿಯಲ್ಲಿ ಕಾಲು ಜಾರಿ, ಪಕ್ಕದವನ ಗದ್ದೆಯ ಕೆಸರಿನಲ್ಲಿ ಮೊಣಕಾಲುದ್ದ ಇಳಿದೆ.

"ಲೇ! ಹಾಡಗಲೇ ಬದ ಒತ್ತಾಕ್ ಸುರು ಮಾಡುದ್ಯೇನ್ಲಾ?" ಎಂದು ಅವನು ಆಚೆ ತುದಿಯಿಂದ ಕೂಗಿದ. ಫೋನಿನಲ್ಲಿ ಆಕೆ ನಗುತ್ತಿರುವುದು ಕೇಳಿಸಿತು. ನಾನು ಆ ಕೆಸರಿನಲ್ಲೇ ನಿಂತು ಹೂಂ ಎಂದೆ.