ಅಕ್ಕ ಒತ್ತಿದ ಹಳದಿ ಬಟನ್

ಹದಿನೇಳು ಸಲ! ಒಂದೇ ದಿನದಲ್ಲಿ ನಮ್ಮಕ್ಕ ಹದಿನೇಳು ಸಲ ‘ಸಹಾಯ ಬೇಕು’ ಎಂದು ಬಟನ್ ಒತ್ತಿದ್ದಳು. ಮ್ಯಾನೇಜರ್ ಸುಮ್ಮನೆ ಬಿಡುತ್ತಾರೆಯೇ?

ಅಕ್ಕ ಶಾರದಾ ಚಿಕ್ಕಮಗಳೂರಿನಲ್ಲಿ ಕಾಫಿ ಹದಮಾಡುವ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಕಾಫಿ ಬೀಜ ಆರಿಸುತ್ತಿದ್ದಾಳೆ. (ನಾನು ಓದಿದ್ದು ಆ ಬೆರಳುಗಳ ದುಡಿಮೆಯಲ್ಲಿ. ಹೇಳಿಕೊಳ್ಳಲು ನನಗೆ ಹೆಮ್ಮೆ.) ಈ ಸೀಸನ್‌ಗೆ ಅಲ್ಲಿ ರೋಬೋ ಬಂದಿದೆ. ಕ್ಯಾಮೆರಾ ಕಣ್ಣು, ಕಬ್ಬಿಣದ ಕೈ. ಕೆಟ್ಟ ಬೀಜ ಕಂಡರೆ ಹೆಕ್ಕಿ ರಿಜೆಕ್ಟ್ ಚೀಲಕ್ಕೆ ಹಾಕುತ್ತದೆ. ಪಕ್ಕದಲ್ಲಿ ಅಕ್ಕ ಸೇರಿ ಮೂವರು ಹೆಂಗಸರು. ಅದು ಹೆಕ್ಕಿದ್ದರ ಮೇಲೆ ಅನುಮಾನ ಬಂದರೆ ಹಳದಿ ಬಟನ್ ಒತ್ತಬೇಕು. ರೋಬೋ ನಿಲ್ಲುತ್ತದೆ, ಇಂಜಿನಿಯರ್ ಬರುತ್ತಾನೆ.

ಆತ ಬಂದ. ಪ್ರತಿ ಸಲವೂ ಮೆಷಿನ್ ನೋಡಿದ, “ಎಲ್ಲಾ ಸರಿ ಇದೆ” ಎಂದ, ಅಕ್ಕ ಬಾಯಿ ತೆರೆಯುವ ಮೊದಲೇ ಸ್ಟಾರ್ಟ್ ಮಾಡಿ ಹೋದ.

ಸಂಜೆ ಮ್ಯಾನೇಜರ್ ಕರೆಸಿ, “ಕಷ್ಟ ಆಗ್ತಿದ್ರೆ ಹೇಳಿ ಶಾರದಮ್ಮ, ನಾಳೆಯಿಂದ ಕಸ ಗುಡಿಸೋಕೆ ಹಾಕ್ತೀವಿ” ಎಂದರಂತೆ.

ಮನೆಗೆ ಬಂದ ಅಕ್ಕ ಊಟ ಬಿಟ್ಟು ಕೂತಳು. ನಾನೋ, ಬುದ್ಧಿ ಹೇಳಲು ರೆಡಿ. “ಅಷ್ಟು ಸಲ ಯಾಕೆ ಒತ್ತಿದೆ? ಉಳಿದಿಬ್ರು ಒತ್ತಿದ್ರಾ?”

“ಅವ್ರಿಗೂ ಅನುಮಾನ ಇತ್ತು ಮಾರಾಯ. ದಡ್ಡಿ ಅಂದ್ಬಿಡ್ತಾರೆ ಅಂತ ಹೆದ್ರಿ ಒತ್ಲಿಲ್ಲ.”

ಬೀಜ ಆರಿಸುವವರಲ್ಲಿ ಒಂದು ಪದ್ಧತಿಯಿದೆ. ಗೊತ್ತಾಗದ ಬೀಜವನ್ನು ಯಾರೂ ಒಬ್ಬರೇ ಎಸೆಯುವುದಿಲ್ಲ. ಪಕ್ಕದವಳ ಅಂಗೈಗೆ ಹಾಕಿ “ನೋಡೇ ಇದನ್ನ” ಎನ್ನುತ್ತಾರೆ. ಅದರಲ್ಲಿ ನಾಚಿಕೆ ಎಂಥದ್ದು? ರೋಬೋಗೆ ಅಂಗೈ ಇಲ್ಲ. ಅದಕ್ಕೇ ಅಕ್ಕ ಬಟನ್ ಒತ್ತಿದ್ದು.

ಮರುದಿನ ಅವಳು ಪೊರಕೆ ಹಿಡಿಯಲಿಲ್ಲ. ಬುತ್ತಿ ಡಬ್ಬಿಯ ಮುಚ್ಚಳದಲ್ಲಿ ಒಂದು ಹಿಡಿ ರಿಜೆಕ್ಟ್ ಬೀಜ ತುಂಬಿಕೊಂಡು ಸೀದಾ ಮ್ಯಾನೇಜರ್ ಟೇಬಲ್ ಮೇಲಿಟ್ಟಳು.

“ಹದ್ನೇಳು ಸಲ ಕರ್ದೆ ಸಾರ್. ಯಾಕೆ ಕರ್ದೆ ಅಂತ ಒಂದ್ಸಲನಾದ್ರೂ ಕೇಳಿದ್ರಾ?”

ಮ್ಯಾನೇಜರ್ ಒಂದು ಬೀಜ ಕತ್ತರಿಸಿ ನೋಡಿದರು. ಒಳ್ಳೆಯ ಗಟ್ಟಿ ಬೀಜ. ಇನ್ನೊಂದು. ಅದೂ ಗಟ್ಟಿ. ಹುರಿಯದ ಕಾಫಿ ಬೀಜ ಸಾಮಾನ್ಯವಾಗಿ ಹಸಿರು ಛಾಯೆಯದ್ದು; ಆದರೆ ಹಣ್ಣಿನ ಸಿಪ್ಪೆ ಸಮೇತ ಒಣಗಿಸಿದ ಕಾಫಿಗೆ ಸ್ವಲ್ಪ ಕಂದು ಛಾಯೆ ಇರುತ್ತದೆ. ರೋಬೋಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಕಂದು ಕಂಡಿದ್ದೆಲ್ಲ ಕೆಟ್ಟದ್ದೆಂದು ಎಸೆಯುತ್ತಿತ್ತು.

ಈಗ ಇಂಜಿನಿಯರ್ ಅಕ್ಕನ ಪಕ್ಕ ಸ್ಟೂಲ್ ಹಾಕಿಕೊಂಡು ಕೂರುತ್ತಾನೆ. ಅವಳು ಬೀಜ ತೋರಿಸುತ್ತಾಳೆ, ಆತ ರೋಬೋಗೆ ಕಲಿಸುತ್ತಾನೆ. ಉಳಿದಿಬ್ಬರೂ ಧೈರ್ಯವಾಗಿ ಬಟನ್ ಒತ್ತುತ್ತಿದ್ದಾರೆ. ಇಂಥವಳು ನನ್ನ ಅಕ್ಕ ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೇನೆ.

ಅದಿರಲಿ, ಒತ್ತಬಾರದಿತ್ತು ಎಂದು ಅವಳಿಗೇ ಬುದ್ಧಿ ಹೇಳಿದ ಈ ತಮ್ಮನನ್ನು ಯಾವ ಚೀಲಕ್ಕೆ ಹಾಕೋಣ?