ಗಣಪಯ್ಯ ಸತ್ತ ದಿನ ನಾನು ತಂದ ಸಿಹಿ

ಕೊಪ್ಪದ ಪೇಟೆಯಲ್ಲಿ ಕಾರಣ ಹೇಳದೆ ಒಂದು ಕೆ.ಜಿ. ಸಿಹಿ ಕೊಳ್ಳುವುದು ಸಾಧ್ಯವಿಲ್ಲ ಎಂಬುದು ನನ್ನ ದೀರ್ಘಕಾಲದ ಅನುಭವ. ಕಾಲು ಕೆ.ಜಿ.ಯವರೆಗೆ ಅಂಗಡಿಯವರು ಸುಮ್ಮನಿರುತ್ತಾರೆ. ಅದು ನಾಲಿಗೆಯ ಚಾಪಲ್ಯವೆಂದು ಉದಾರವಾಗಿ ಕ್ಷಮಿಸುತ್ತಾರೆ. ಅರ್ಧ ಕೆ.ಜಿ. ಎಂದರೆ ಮನೆಗೆ ನೆಂಟರು ಬಂದಿದ್ದಾರೆಂದು ತಾವೇ ತೀರ್ಮಾನಿಸುತ್ತಾರೆ. ಒಂದು ಕೆ.ಜಿ. ಎಂದಿರೋ, ತಕ್ಕಡಿಗೆ ಕೈ ಹಾಕುವ ಮೊದಲೇ "ಏನು ವಿಶೇಷ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಇದಕ್ಕೆ ಸಮರ್ಪಕ ಉತ್ತರ ಕೊಡದವರ ಪೊಟ್ಟಣಕ್ಕೆ ಮೈಸೂರು ಪಾಕಿನ ಮುರಿದ ತುಂಡುಗಳೇ ಹೆಚ್ಚು ಬೀಳುತ್ತವೆ ಎಂಬ ಗುಮಾನಿಯೂ ನನಗಿದೆ.

ಮೊನ್ನೆ ಬೆಳಿಗ್ಗೆ ಆ ಪ್ರಶ್ನೆ ಎದುರಾದಾಗ, ಸೇವಾವಧಿಯುದ್ದಕ್ಕೂ ಹೈಸ್ಕೂಲು ಮಕ್ಕಳಿಗೆ ಸತ್ಯದ ಮಹಿಮೆಯನ್ನು ಕುರಿತು ಪ್ರಬಂಧ ಬರೆಸಿದ ಕನ್ನಡ ಮೇಷ್ಟ್ರಾದ ನಾನು, "ಮೊಮ್ಮಗ ಹುಟ್ಟಿದ" ಎಂದುಬಿಟ್ಟೆ. ನನಗೆ ಮಕ್ಕಳೇ ಇಲ್ಲ. ಅಂಗಡಿಯಾತ ಊರಿಗೆ ಹೊಸಬ, ಪಾಪ, ಸಂತೋಷಪಟ್ಟು ಒಂದು ತುಂಡು ಹೆಚ್ಚೇ ಹಾಕಿದ. ನಿಜವಾದ ಕಾರಣ ಹೇಳುವಂತಿರಲಿಲ್ಲ. ಭಂಡಿಗಡಿಯ ಗಣಪಯ್ಯ ಅಂದು ಬೆಳಗಿನ ಜಾವ ತೀರಿಕೊಂಡಿದ್ದ. ಆ ಸುದ್ದಿಯನ್ನು ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಓದಿ, ಕೈ ಮುಗಿದ ಚಿತ್ರಗಳ ಸಾಲನ್ನು ದಾಟಿ, ನಾನು ನೆಟ್ಟಗೆ ಸಿಹಿ ಅಂಗಡಿಗೆ ನಡೆದಿದ್ದೆ.

ಓದುಗ ಮಹಾಶಯರೇ, ತಕ್ಷಣ ಮುಖ ಸಿಂಡರಿಸಬೇಡಿ. ವೈರಿಯ ಸಾವಿಗೆ ಸಂತೋಷಪಡುವುದು ಅಷ್ಟೇನೂ ಅಶಾಸ್ತ್ರೀಯವಲ್ಲವೆಂದು ದಾರಿಯುದ್ದಕ್ಕೂ ನಾನು ವಾದ ಹೂಡಿಕೊಂಡೇ ಹೋಗಿದ್ದೆ. ವರ್ಷಕ್ಕೊಮ್ಮೆ ನಾವೆಲ್ಲ ಎಣ್ಣೆ ಹಚ್ಚಿಕೊಂಡು, ಹಂಡೆಗಟ್ಟಲೆ ನೀರು ಹೊಯ್ದುಕೊಂಡು, ಪಟಾಕಿ ಹೊಡೆದು ಹಬ್ಬ ಮಾಡುವುದು ಒಬ್ಬ ಅಸುರನ ಸಾವಿಗಲ್ಲವೇ? ಆದರೆ ವಾದದಲ್ಲಿ ಒಂದು ತೂತು ಇತ್ತು. ತನ್ನ ಸಾವಿನ ದಿನ ಲೋಕ ಹಬ್ಬ ಮಾಡಲಿ ಎಂದು ಆ ಅಸುರನೇ ಕೇಳಿಕೊಂಡನೆಂದು ಹಿರಿಯರು ಹೇಳುತ್ತಾರೆ. ಗಣಪಯ್ಯ ನನಗೆ ಅಂಥ ಅನುಮತಿಪತ್ರವನ್ನೇನೂ ಬರೆದುಕೊಟ್ಟಿರಲಿಲ್ಲ.

ಇನ್ನೊಂದು ನೆನಪೂ ಕಾಲಿಗೆ ತೊಡರಿಕೊಂಡಿತು. ನಮ್ಮ ಅಜ್ಜನ ಕಾಲದಲ್ಲಿ ಕೊಟ್ಟಿಗೆಯಲ್ಲಿ ನಾಗರಹಾವೊಂದು ಹಾಲು ಕರೆಯುವ ಹಸುವನ್ನು ಕಚ್ಚಿ ಕೊಂದಿತು. ಕೆಲಸದವರು ಹಾವನ್ನು ಹೊಡೆದು ಹಾಕಿ ಗೆದ್ದವರ ಹಾಗೆ ನಿಂತಿದ್ದರೆ, ಹಸು ಕಳೆದುಕೊಂಡ ಅಜ್ಜ ಹೊಸ ಪಂಚೆ ತರಿಸಿ, ಹಾವಿಗೆ ಹೊದಿಸಿ, ಕೊಳ್ಳಿ ಇಟ್ಟು, ತಣ್ಣೀರಿನಲ್ಲಿ ಮಿಂದು, ಆ ದಿನ ಊಟ ಬಿಟ್ಟ. "ಹಗೆ ಇದ್ದದ್ದು ಅದರ ಹಲ್ಲಲ್ಲಿ. ಹಲ್ಲು ಸತ್ತ ಮೇಲೆ ಇನ್ನೆಂತ ಹಗೆ?" ಎಂದನಂತೆ. ಅಜ್ಜನಿಗೆ ಹಾವು ಸಿಕ್ಕಿತ್ತು, ನನ್ನ ಹಾಗೆ ಗಣಪಯ್ಯ ಸಿಕ್ಕಿರಲಿಲ್ಲ ಎಂದುಕೊಂಡು ನಾನು ಹೆಜ್ಜೆ ಚುರುಕು ಮಾಡಿದ್ದೆ.

ಅವನ ಅಪರಾಧವನ್ನು ಈಗ ಹೇಳಬೇಕು. ಗಣಪಯ್ಯ ನನ್ನ ಸಹಪಾಠಿ, ಒಂದೇ ಬೆಂಚಿನವ, ನಮ್ಮ ಮನೆಯಲ್ಲಿ ನನಗಿಂತ ಹೆಚ್ಚು ದೋಸೆ ತಿಂದವ. ಅವನ ಅಕ್ಷರ ಮುತ್ತಿನಂಥದ್ದು. ಊರಿನ ಅರ್ಜಿಗಳು, ಲಗ್ನಪತ್ರಿಕೆಗಳು, ಸಂಘದ ನಡಾವಳಿಗಳೆಲ್ಲ ಅವನ ಕೈಯಿಂದಲೇ ಆಗಬೇಕು. ನನ್ನ ತಂಗಿ ಪಾರ್ವತಿಗೆ ಎನ್.ಆರ್. ಪುರದ ಕಡೆಯ ಕಡಹಿನಬೈಲಿನಿಂದ ಸಂಬಂಧ ಗೊತ್ತಾಗಿ, ನಿಶ್ಚಿತಾರ್ಥಕ್ಕೆ ಎಂಟು ದಿನವಿರುವಾಗ ಗಂಡಿನ ತಂದೆ ಬಂದು ನಮ್ಮ ಜಗಲಿಯಲ್ಲಿ ಒಂದು ಮೂಕರ್ಜಿಯನ್ನು ಬಿಡಿಸಿಟ್ಟರು. ಹುಡುಗಿಗೆ ಫಿಟ್ಸ್ ಬರುತ್ತದೆ, ವಿಷಯ ಮುಚ್ಚಿಟ್ಟು ಮದುವೆ ಮಾಡುತ್ತಿದ್ದಾರೆ ಎಂದು ಅದರಲ್ಲಿತ್ತು. ಕೆಳಗೆ ಹೆಸರಿರಲಿಲ್ಲ, ಸಹಿ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ; ಹತ್ತು ವರ್ಷ ಯಾರ ಪಟ್ಟಿ ಪುಸ್ತಕ ನೋಡಿ ನಾನು ನಕಲು ಮಾಡಿ ಪಾಸಾಗಿದ್ದೆನೋ ಆ ಅಕ್ಷರ ನನಗೆ ತಿಳಿಯದೆ ಹೋಗುತ್ತದೆಯೇ? ಮದುವೆ ಮುರಿಯಿತು. ಕಾಡಿನ ಬೆಂಕಿಯ ಹಾಗೆ ಸುದ್ದಿ ಹಬ್ಬಿ, ಆಮೇಲೆ ಯಾರೂ ಹೆಣ್ಣು ಕೇಳಿ ಬರಲಿಲ್ಲ. ಪಾರ್ವತಿ ಟೀಚರ್ ಆದಳು, ಮೆಣಸೆಯ ಶಾಲೆಗೆ ಬಸ್ಸಿನಲ್ಲಿ ಹೋಗಿ ಬಂದು ಕೂದಲು ಹಣ್ಣಾಗಿಸಿಕೊಂಡಳು. ನನ್ನ ಹೆಂಡತಿ ತೀರಿಕೊಂಡ ಮೇಲೆ ಕೊಪ್ಪದ ಮನೆಯಲ್ಲಿ ನಾವಿಬ್ಬರೇ.

ದ್ವೇಷವೂ ಒಂದು ವ್ರತ. ನಾನು ಅದನ್ನು ಮೂವತ್ತು ವರ್ಷಕ್ಕೂ ಮೇಲೆ ನಿಷ್ಠೆಯಿಂದ ಆಚರಿಸಿದೆ. ಗಣಪಯ್ಯ ಹತ್ತಿದ ಬಸ್ಸನ್ನು ನಾನು ಹತ್ತುತ್ತಿರಲಿಲ್ಲವಾದ್ದರಿಂದ ಹಲವು ಸಲ ಶಾಲೆಗೆ ತಡವಾಗಿ ಹೆಡ್‌ಮಾಸ್ಟರರ ಕಣ್ಣಿಗೆ ಬಿದ್ದೆ. ಶೃಂಗೇರಿಯಲ್ಲೊಮ್ಮೆ ಊಟದ ಪಂಕ್ತಿಯಲ್ಲಿ ಅವನು ಎದುರಿಗೇ ಕೂತದ್ದನ್ನು ಕಂಡು ಬಡಿಸಿದ ಎಲೆ ಬಿಟ್ಟು ಎದ್ದು, ಆ ಮಹಾತ್ಯಾಗದ ಫಲವಾಗಿ ಬಸ್‌ಸ್ಟ್ಯಾಂಡಿನಲ್ಲಿ ಒಣಗಿದ ಬನ್ನು ಅಗಿದೆ. ಅವನು ಮಾತ್ರ ಎಲ್ಲಿ ಕಂಡರೂ ನಿಂತು, ಒಂದು ಕ್ಷಣ ನನ್ನ ಮುಖ ನೋಡಿ, ಆಮೇಲೆ ಮುಂದೆ ಹೋಗುತ್ತಿದ್ದ. ಅವನ ಮನೆಯ ಪ್ರತಿ ಶುಭಕಾರ್ಯಕ್ಕೂ ಕರೆಯೋಲೆ ಬರುತ್ತಿತ್ತು, ವಿಳಾಸ ಅದೇ ಮುತ್ತಿನಕ್ಷರದಲ್ಲಿ. ಎಂಥ ಭಂಡತನ ಎಂದು ಹರಿದು ಒಲೆಗೆ ಹಾಕುತ್ತಿದ್ದೆ. ತಂಗಿಯ ಪರವಾಗಿ ನಾನು ಮಾಡಬಹುದಾಗಿದ್ದ ಏಕೈಕ ಸೇವೆ ಅದೆಂದು ನನ್ನ ನಂಬಿಕೆಯಾಗಿತ್ತು.

ಇಷ್ಟು ಪೀಠಿಕೆಯೊಂದಿಗೆ ಸಿಹಿಯ ಪೊಟ್ಟಣ ಹಿಡಿದು ಮನೆಗೆ ಬಂದೆ. ಪಾರ್ವತಿ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಿದ್ದಳು.

"ಗಣಪಯ್ಯ ಹೋದ. ತಗೋ, ಬಾಯಿ ಸಿಹಿ ಮಾಡ್ಕೋ" ಎಂದೆ.

ಅವಳು ಪೊಟ್ಟಣವನ್ನು ನೋಡಿದಳು, ನನ್ನನ್ನು ನೋಡಿದಳು. ಮೊರವನ್ನು ಪಕ್ಕಕ್ಕಿಟ್ಟು ಬಚ್ಚಲಿಗೆ ಹೋದಳು. ಉಟ್ಟ ಸೀರೆಯ ಮೇಲೆಯೇ ಚೊಂಬಿನಿಂದ ತಲೆಗೆ ನೀರು ಸುರಿದುಕೊಳ್ಳುವ ಸದ್ದು ಕೇಳಿಸಿತು. ನಮ್ಮಲ್ಲಿ ಹಾಗೆ ಮೀಯುವುದು ರಕ್ತಸಂಬಂಧಿಗಳು ಸತ್ತ ಸುದ್ದಿ ಬಂದಾಗ ಮಾತ್ರ. ನಾನು ಮೈಸೂರು ಪಾಕನ್ನು ಕೈಯಲ್ಲಿ ಹಿಡಿದುಕೊಂಡು ಹಾಗೆಯೇ ನಿಂತಿದ್ದೆ.

ಒದ್ದೆ ಕೂದಲಲ್ಲೇ ಹೊರಗೆ ಬಂದು ಅವಳು ಹೇಳಿದಳು: "ಆ ಕಾಗದ ಬರೆಸಿದ್ದು ನಾನು, ಅಣ್ಣಯ್ಯ."

ನಾನು ಪೊಟ್ಟಣವನ್ನು ಕೆಳಗಿಟ್ಟೆ.

"ನಂಗೆ ಓದ್ಬೇಕಿತ್ತು. ಆ ಮನೆಯವ್ರು ಓದು ಬಿಡಿಸ್ತೀವಿ ಅಂದಿದ್ರು. ಅಪ್ಪಯ್ಯನ ಹತ್ರ ಅತ್ಕೊಂಡು ಹೇಳ್ದೆ, ಕೇಳ್ಲಿಲ್ಲ. ನಿನ್ನ ಹತ್ರಾನೂ ಬಂದು ಹೇಳ್ದೆ. ಒಳ್ಳೆ ಸಂಬಂಧ, ಸುಮ್ನಿರು ಅಂದೆ ನೀನು. ನೆನಪಿಲ್ವಾ?"

ನೆನಪಿರಲಿಲ್ಲ. ಗಣಪಯ್ಯನ ಕಾಗದದ ಒಂದೊಂದು ಒತ್ತಕ್ಷರವನ್ನೂ ಮರೆಯದ ನನಗೆ ಇದು ಎಷ್ಟು ಹುಡುಕಿದರೂ ಸಿಗಲಿಲ್ಲ.

"ಫಿಟ್ಸ್ ಅಂತ ಬರಿ ಅಂದವ್ಳೂ ನಾನೇ. ಅಷ್ಟು ದೊಡ್ಡ ಸುಳ್ಳು ಬೇಡ ಮಾರಾಯ್ತಿ, ಮತ್ತೆ ಯಾರೂ ಬರಲ್ಲ ಅಂತ ಅವ್ನು ಮೊದ್ಲು ಒಪ್ಲೇ ಇಲ್ಲ. ಯಾರೂ ಬರ್ದೇ ಇದ್ರೆ ಒಳ್ಳೇದೇ ಅಂದೆ. ಎಡಗೈಲಿ ಬರಿ ಅಂತಾನೂ ಹೇಳಿದ್ದೆ. ಅಕ್ಷರ ಕೆಡ್ಸೋಕೆ ಅವ್ನಿಗೆ ಬರ್ಲಿಲ್ಲ, ಎಂತ ಮಾಡೋದು."

"ಇಷ್ಟು ವರ್ಷ ಎಂತಕ್ಕೆ ಹೇಳ್ಲಿಲ್ಲ?" ಎಂದೆ.

"ಅವ್ನೇ ಬೇಡ ಅಂದ. ಅಪ್ಪಯ್ಯಂಗೆ ಗೊತ್ತಾದ್ರೆ ನಿನ್ನ ಉಳಿಸಲ್ಲ ಪಾರ್ವತಿ, ಸಿಟ್ಟು ನನ್ನ ಮೇಲೇ ಇರ್ಲಿ ಅಂದ. ಅಪ್ಪಯ್ಯ ಹೋದ್ಮೇಲೆ ಹೇಳುವ ಅಂತಿದ್ದೆ. ಆ ಹೊತ್ತಿಗೆ ನೀನು ತಂಗಿ ಬಾಳು ಹಾಳಾಯ್ತು ಅಂತ ಊರೆಲ್ಲ ಹೇಳ್ಕೊಂಡು ಬಂದಾಗಿತ್ತು. ನಾನು ಮೆಣಸೆ ಮಕ್ಳ ಜೊತೆ ಖುಷಿಯಾಗಿದ್ದೆ ಅಣ್ಣಯ್ಯ. ಒಂದಿನಾನಾದ್ರೂ ಕೇಳಿದ್ಯಾ ನನ್ನ?" ಒದ್ದೆ ಕೂದಲನ್ನು ಹಿಂದಕ್ಕೆ ತಳ್ಳಿ, "ನಂದೂ ತಪ್ಪು ಉಂಟು. ನಾಳೆ ಹೇಳುವ, ನಾಳೆ ಹೇಳುವ ಅಂತಾನೇ ಇಲ್ಲಿಗೆ ಬಂತು" ಎಂದು ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಇಲ್ಲಿ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಅವನು ಒಳ್ಳೆಯವನೆಂದು ತಿಳಿದ ಮೇಲೆ ಅಳುವುದು ಸುಲಭ. ನಾನೂ ಅತ್ತೆ, ಕುರ್ಚಿಯಲ್ಲಿ ಕುಸಿದು, ಕನ್ನಡಕ ತೆಗೆದು, ಮಕ್ಕಳ ಹಾಗೆ ಅತ್ತೆ. ಆದರೆ ಅಳುವಿನ ಮಧ್ಯದಲ್ಲೂ ನನ್ನೊಳಗಿನ ಮೇಷ್ಟ್ರು ಒಂದು ತಪ್ಪಿಸಿಕೊಳ್ಳುವ ದಾರಿ ಹುಡುಕುತ್ತಿದ್ದ. ನನಗೇನು ಗೊತ್ತಿತ್ತು? ಗೊತ್ತಿದ್ದರೆ ಸಿಹಿ ತರುತ್ತಿದ್ದೆನೇ? ನಿಜವಾದ ದುಷ್ಟನೊಬ್ಬ ಸತ್ತಿದ್ದರೆ ಈ ಪೊಟ್ಟಣಕ್ಕೆ ಅರ್ಥವಿರುತ್ತಿತ್ತಲ್ಲವೇ? ಇದನ್ನೆಲ್ಲ ಗಟ್ಟಿಯಾಗಿಯೇ ಹೇಳಿರಬೇಕು. ಪಾರ್ವತಿ ಮುಖದಿಂದ ಸೆರಗು ತೆಗೆದಳು.

"ಅವ್ನೇ ಸ್ವಂತ ಬುದ್ಧಿಯಿಂದ ಬರ್ದಿದ್ರೂ, ಅವ್ನ ಹೆಂಡ್ತಿ ಅಳೋ ದಿನ ನೀನು ಸಿಹಿ ತರ್ಬಾರ್ದಿತ್ತು" ಎಂದಳು.

ಶಾಸ್ತ್ರಗಳಲ್ಲಿ ಹುಡುಕಿದ್ದ ಉತ್ತರ ಅಷ್ಟು ಚಿಕ್ಕದಾಗಿತ್ತು. ವೈರಿಯೆಂಬವನು ನನಗೆ ಮಾತ್ರ ವೈರಿ. ಉಳಿದವರಿಗೆ ಅವನು ಗಂಡ, ಅಪ್ಪ, ಅರ್ಜಿ ಬರೆದುಕೊಡುವ ಗಣಪಯ್ಯ. ನಾನು ಮಾಡಿದ ಸಂಭ್ರಮದಲ್ಲಿ ಅವನು ಇರಲೇ ಇಲ್ಲ. ಮೂವತ್ತು ವರ್ಷ ಕಲ್ಲು ಹೊತ್ತವನು ಕೆಳಗಿಳಿಸಿ ತನ್ನ ಹೆಗಲನ್ನೇ ಮೆಚ್ಚಿಕೊಂಡಂತೆ, ನಾನು ನನ್ನ ದ್ವೇಷದ ನಿಷ್ಠೆಗೆ ನಾನೇ ಸಿಹಿ ಹಂಚಲು ಹೊರಟಿದ್ದೆ. ಆ ಕಲ್ಲನ್ನು ಹೊರು ಎಂದು ತಂಗಿ ಎಂದೂ ಹೇಳಿರಲಿಲ್ಲ. ಅವಳು ಒಮ್ಮೆ ಬೇರೇನನ್ನೋ ಹೇಳಲು ಬಂದಿದ್ದಳು, ನಾನು ಸುಮ್ಮನಿರು ಎಂದಿದ್ದೆ.

ಮದುವೆಗೆ ಕರೆದರೆ ಹೋಗಬೇಕು, ಸಾವಿಗೆ ಕರೆಯದೆ ಹೋಗಬೇಕು ಎನ್ನುತ್ತಾರೆ. ಕರೆದ ಅಷ್ಟೂ ಸಲ ಹೋಗದ ಮನೆಗೆ ಆಟೋ ಹತ್ತಿ ಇಬ್ಬರೂ ಹೋದೆವು. ಅಂಗಳದಲ್ಲಿದ್ದ ಜನ ನನ್ನನ್ನು ಕಂಡು ದಾರಿ ಬಿಟ್ಟರು. ಗಣಪಯ್ಯನನ್ನು ಜಗಲಿಯಲ್ಲಿ ಮಲಗಿಸಿದ್ದರು. ಬರೆಯುವ ಕೈಯ ನಡುಬೆರಳಿನಲ್ಲಿ ಪೆನ್ನು ಒತ್ತಿ ಆದ ಗಂಟು ಹಾಗೆಯೇ ಇತ್ತು. ಅವನ ಹೆಂಡತಿ ಸರೋಜಮ್ಮ ತಲೆಯ ಹತ್ತಿರ ಕೂತಿದ್ದರು. ಪಾರ್ವತಿ ಹೋಗಿ ಅವರ ಪಕ್ಕ ಕೂತಳು. ಸರೋಜಮ್ಮ ಅವಳ ಕೈ ಹಿಡಿದುಕೊಂಡ ರೀತಿಯಲ್ಲೇ ಅವರಿಗೆ ಎಲ್ಲ ಗೊತ್ತೆಂದು ತಿಳಿಯಿತು.

ನಮ್ಮ ಕಡೆ ಒಂದು ಪದ್ಧತಿಯಿದೆ. ಹೆಣ ಎತ್ತುವ ಮೊದಲು ಬಾಯಿಗೆ ತುಳಸಿ ನೀರು ಬಿಡುವಾಗ ಮನೆಯವರಾದ ಮೇಲೆ, ಸತ್ತವನೊಡನೆ ಮಾತು ಬಿಟ್ಟವರೂ ನೀರು ಬಿಡಬೇಕು. ಹಗೆಯನ್ನು ಹೊತ್ತುಕೊಂಡು ಯಾರೂ ಆಚೆ ಹೋಗಬಾರದು ಎಂಬುದಕ್ಕೆ ಹಿರಿಯರು ಮಾಡಿಟ್ಟದ್ದು. ಯಾರೋ "ಮಾತು ಬಿಟ್ಟವ್ರು ಇದ್ರೆ ಬನ್ನಿ" ಎಂದರು. ಎಲ್ಲರ ಕಣ್ಣೂ ನನ್ನ ಮೇಲಿತ್ತು.

ಎದುರು ಸಿಕ್ಕರೆ ಹೀಗೆ ಹೇಳಬೇಕು, ಹಾಗೆ ಜಾಡಿಸಬೇಕು ಎಂದು ಅಷ್ಟು ವರ್ಷ ನಾನು ಕಟ್ಟಿಕೊಂಡಿದ್ದ ವಾಕ್ಯಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಮಂಡಿಯೂರಿ ಕೂತು ಉದ್ಧರಣೆಯಲ್ಲಿ ನೀರು ತೆಗೆದುಕೊಂಡೆ. ನೀರು ಅವನ ಮುಚ್ಚಿದ ತುಟಿಗೆ ತಾಗದೆ ಕೆನ್ನೆಯ ಮೇಲೆ ಇಳಿದು ಕಿವಿಯತ್ತ ಹರಿಯಿತು. ಸರೋಜಮ್ಮ ಸೆರಗಿನ ತುದಿಯಿಂದ ಅದನ್ನು ಮೆಲ್ಲಗೆ ಒರೆಸಿದರು.

"ಇನ್ನೊಂದ್ಸಲ ಬಿಡಿ ಮೇಷ್ಟ್ರೆ" ಎಂದರು. "ಅವಸರ ಎಂತದೂ ಇಲ್ಲ. ನೀವು ಬರ್ತೀರಿ ಅಂತ ಅವ್ರು ಕಾಯ್ತಿದ್ರು."